ಮುಂದಿನ ಎಡ ಚಕ್ರ

ನನ್ನ ಅಕ್ಕನ ಗಂಡ ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದರು. ಅಲ್ಯೂಮಿನಿಯಂ ಕಿಟಕಿ ಚೌಕಟ್ಟುಗಳನ್ನು ಆಮ್ಲದ ತೊಟ್ಟಿಯಲ್ಲಿ ಇಳಿಬಿಟ್ಟು, ಅವುಗಳಿಗೆ ವಿದ್ಯುತ್ ಹಾಯಿಸಿ, ಮೈಮೇಲೆ ಗಟ್ಟಿಯಾದ ಪದರವೊಂದನ್ನು ಬೆಳೆಸುವ ಕೆಲಸ. ಅದಕ್ಕೆ ಅನೋಡೈಸಿಂಗ್ ಎನ್ನುತ್ತಾರೆ. ಭಾವ ಅಂಥದೊಂದು ಅಂಗಡಿಗೆ ಸೇರಿದಾಗ ಅವರಿಗೆ ಇಪ್ಪತ್ತೆರಡು ವರ್ಷ. ಮೊದಲ ವರ್ಷ ಚೌಕಟ್ಟು ತೊಳೆದರು, ಎರಡನೆಯ ವರ್ಷ ಕೊಕ್ಕೆಗೆ ಸಿಕ್ಕಿಸಿದರು, ಮೂರನೆಯ ವರ್ಷದಿಂದ ಕೊನೆಯವರೆಗೂ ತೊಟ್ಟಿಯ ಪಕ್ಕದಲ್ಲೇ ನಿಂತರು. ಅಂಗಡಿಯ ಗೋಡೆಯ ಮೇಲೆ ದೊಡ್ಡದೊಂದು ಗಡಿಯಾರವಿತ್ತಂತೆ. ಭಾವ ಅದನ್ನು ನೋಡುತ್ತಿರಲಿಲ್ಲ. ಪದರ ಎಷ್ಟು ದಪ್ಪವಾಯಿತೆಂಬುದು ತೊಟ್ಟಿಯ ಸದ್ದಿನಿಂದಲೇ ಅವರಿಗೆ ತಿಳಿಯುತ್ತಿತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ತೊಟ್ಟಿಗೂ ಇಬ್ಬರು. ಒಬ್ಬ ತಂತಿ ಸಿಕ್ಕಿಸುವವನು, ಇನ್ನೊಬ್ಬ ಸ್ವಿಚ್ ಹಾಕುವವನು. ತೊಟ್ಟಿಗಿಳಿಯುವ ವಸ್ತು ಯಾವುದೇ ಇರಲಿ, ಅವರ ಬಾಯಲ್ಲಿ ಅದರ ಹೆಸರು 'ಕೆಲಸ'. ತಂತಿ ಸಿಕ್ಕಿಸಿದವನು ಗಟ್ಟಿಯಾಗಿ "ಕೆಂಪು ಕೆಲಸಕ್ಕೆ" ಎನ್ನಬೇಕು. ಸ್ವಿಚ್ಚಿನವನು ತನ್ನ ಕಣ್ಣಿನಿಂದ ನೋಡಿ, ಅದೇ ಮಾತನ್ನು ತಿರುಗಿ ಹೇಳಿ, ಆಮೇಲೆ ಸ್ವಿಚ್ ಒತ್ತಬೇಕು. ಭಾವನ ಲೆಕ್ಕದ ಪ್ರಕಾರ ಆ ಎರಡು ಪದಗಳನ್ನು ಅವರು ದಿನಕ್ಕೆ ನಲವತ್ತು ಸಲವಾದರೂ ಹೇಳಿದ್ದಾರೆ. ಮದುವೆಯಾದ ಹೊಸತರಲ್ಲಿ ಅವರು ನಿದ್ದೆಯಲ್ಲೂ ಹಾಗೆ ಅನ್ನುತ್ತಿದ್ದರೆಂದೂ, ತಾನು ಯಾವಳೋ ಕೆಂಪಿ ಎಂಬವಳ ವಿಷಯವಿರಬೇಕೆಂದು ಎರಡು ದಿನ ಮಾತು ಬಿಟ್ಟಿದ್ದೆನೆಂದೂ ಅಕ್ಕ ಹೇಳುತ್ತಾಳೆ.

ಜನ ಪ್ಲಾಸ್ಟಿಕ್ ಚೌಕಟ್ಟುಗಳನ್ನು ಕೇಳತೊಡಗಿದ ಮೇಲೆ ಅಂಗಡಿ ಮುಚ್ಚಿತು. ಕೊನೆಯ ದಿನ ಭಾವ ತಮ್ಮ ರಬ್ಬರಿನ ಏಪ್ರನ್ ಅನ್ನು ಮನೆಗೆ ತಂದು, ತೊಳೆದು, ಹಿತ್ತಲ ಬಾಗಿಲಿನ ಮೊಳೆಗೆ ತೂಗುಹಾಕಿದರು. ಹಿಂದಿನ ಕೋಣೆಯ ಕಿಟಕಿಯ ಬಳಿ ಬೆತ್ತದ ಕುರ್ಚಿಯೊಂದಿದೆ. ಅದರಲ್ಲಿ ಕುಳಿತರು. ಹನ್ನೊಂದು ತಿಂಗಳು ಕುಳಿತರು.

ಅವರು ದುಃಖದಲ್ಲಿದ್ದರೆಂದು ಬರೆದರೆ ನಿಖರವಾಗುವುದಿಲ್ಲ. ಕರೆದರೆ ಊಟಕ್ಕೆ ಬರುತ್ತಿದ್ದರು, ಬಡಿಸಿದಷ್ಟು ತಿನ್ನುತ್ತಿದ್ದರು, ಎದ್ದು ಹೋಗುತ್ತಿದ್ದರು. ಉಪ್ಪಿಲ್ಲದಿದ್ದರೂ ತಿನ್ನುತ್ತಿದ್ದರು. ಅಕ್ಕ ಒಮ್ಮೆ ಬೇಕೆಂದೇ ಉಪ್ಪು ಹಾಕದೆ ನೋಡಿದಳು. ವೈದ್ಯರು ಮನೆಗೇ ಬಂದು ರಕ್ತ, ಸಕ್ಕರೆ, ಹೃದಯ ಎಲ್ಲವನ್ನೂ ಪರೀಕ್ಷಿಸಿ ಎಲ್ಲ ಚೆನ್ನಾಗಿದೆ ಎಂದರು. ನಾನು ಎರಡು ಬೀದಿ ಆಚೆ ಇರುವವನು; ವಾರಕ್ಕೆ ಮೂರು ಸಂಜೆ ಹೋಗಿ ಅವರ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ. ಆ ಹನ್ನೊಂದು ತಿಂಗಳ ನನ್ನ ದಿನಚರಿಯಲ್ಲಿ ಭಾವನ ಮಾತೆಂದು ದಾಖಲಾದ ಪದಗಳು ಮೂರು: "ಬಂದೆಯಾ", "ಬೇಡ", "ಹ್ಞೂಂ".

ಅಕ್ಕನದು ಮನೆಯ ಹಿಂದಿನ ಜಾಗದಲ್ಲಿ ಹೂಗಿಡ, ಹಣ್ಣಿನ ಸಸಿ ಬೆಳೆಸಿ ಮಾರುವ ನರ್ಸರಿ. ಕುಂಡಗಳನ್ನೂ ಗೊಬ್ಬರವನ್ನೂ ಎಳೆಯಲು ಅವಳ ಬಳಿ ತೋಟದ ಪುಟ್ಟ ಟ್ರ್ಯಾಕ್ಟರೊಂದಿದೆ. ಅವಳಿಗಿಂತ ಅದಕ್ಕೆ ವಯಸ್ಸು ಹೆಚ್ಚು. ಒಂದೇ ಸಿಲಿಂಡರು, ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ಎರಡು ಸಣ್ಣವು. ಅದನ್ನು ಮಾಡಿದ ಕಾರ್ಖಾನೆಯೇ ಈಗ ಇಲ್ಲ. ಚಕ್ರದ ರಿಮ್ಮುಗಳಿಗೆ ತುಕ್ಕು ಹಿಡಿದು ಟೈರುಗಳಲ್ಲಿ ಗಾಳಿ ನಿಲ್ಲದೆ, ಕಳೆದ ವರ್ಷದಿಂದ ಅದು ಮಾಡಿನ ಕೆಳಗೆ ನಿಂತೇ ಇತ್ತು. ಅಕ್ಕ ಕೈಗಾಡಿ ತಳ್ಳುತ್ತಿದ್ದಳು. ಅವಳಿಗೆ ಐವತ್ತನಾಲ್ಕು, ಬಲ ಭುಜ ಎತ್ತಲು ಬರುತ್ತಿರಲಿಲ್ಲ.

ಒಂದು ಭಾನುವಾರ ಅವಳು ನನ್ನನ್ನು ಸಸಿಗಳ ಸಾಲಿನ ನಡುವೆ ನಿಲ್ಲಿಸಿ ಹೇಳಿದಳು: "ಅವರ ಕೈಗೆ ಟ್ರ್ಯಾಕ್ಟರ್ ಕೊಟ್ಟು ನೋಡ್ತೀನಿ ಕಣೋ. ಇದಕ್ಕೂ ಏಳಲಿಲ್ಲ ಅಂದ್ರೆ ನಾನೂ ಕೈಬಿಟ್ಟೆ. ಆ ಕುರ್ಚಿ ಪಕ್ಕ ಇನ್ನೊಂದು ಕುರ್ಚಿ ಹಾಕ್ಕೊಂಡು ಕೂತುಬಿಡ್ತೀನಿ. ಇಬ್ಬರಿಗೂ ನೀನೇ ತಂದು ಹಾಕು."

ಅವಳು ನಗುತ್ತಾ ಹೇಳಿದಳು. ಆದರೆ ನರ್ಸರಿಯ ಅರ್ಧ ಜಾಗವನ್ನು ಬಿಟ್ಟುಕೊಡುವ ಬಗ್ಗೆ ಪಕ್ಕದವರೊಂದಿಗೆ ಅವಳಾಗಲೇ ಮಾತಾಡಿದ್ದಳೆಂಬುದು ನನಗೆ ಗೊತ್ತಿತ್ತು.

ಒಳಗೆ ಹೋಗಿ ಕುರ್ಚಿಯ ಮುಂದೆ ನಿಂತಳು. "ರೀ, ಟ್ರ್ಯಾಕ್ಟರಿನ ಚಕ್ರ ಪೂರ್ತಿ ತುಕ್ಕು. ನಾಳೆ ಗುಜರಿಯವನು ಬರ್ತಾನೆ. ಕೊಟ್ಟುಬಿಡ್ಲಾ?"

"ಕೊಡು."

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. "ಕೊಡು ಅಂತೀರಾ? ಆಮೇಲೆ ಕುಂಡ ಯಾರು ಎಳೀತಾರೆ, ನಿಮ್ಮ ಕುರ್ಚೀನಾ?"

ಭಾವ ಕಿಟಕಿಯ ಕಡೆಗೇ ನೋಡುತ್ತಿದ್ದರು. ಕಣ್ಣು ತೆಗೆಯದೆಯೇ, "ಉಕ್ಕೋ ಎರಕವೋ?" ಎಂದರು.

"ಏನು?"

"ರಿಮ್ಮು."

"ನಂಗೇನ್ರೀ ಗೊತ್ತು? ಬೇಕಿದ್ರೆ ಎದ್ದು ನೋಡಿ."

ಅವರು ಎದ್ದು ನೋಡಿದರು.

ಎಲ್ಲಕ್ಕಿಂತ ಹೆಚ್ಚು ಹಾಳಾಗಿದ್ದದ್ದು ಮುಂದಿನ ಎಡ ಚಕ್ರ. ಅದನ್ನೇ ಮೊದಲು ಬಿಚ್ಚಿದೆವು. ಸೋಪಿನ ನೀರು ಸವರಿ, ಎರಡು ಚಪ್ಪಟೆ ಕಬ್ಬಿಣದಿಂದ ಮೀಟಿ ಟೈರನ್ನು ಎಬ್ಬಿಸಿದಾಗ ಒಳಗಿಂದ ಒಂದು ಹಿಡಿಯಷ್ಟು ತುಕ್ಕಿನ ಪುಡಿ ಸುರಿಯಿತು. ಭಾವ ತಂತಿಯ ಬ್ರಷ್ಷಿನಿಂದ ಕಾಲು ಗಂಟೆ ಉಜ್ಜಿದರು. ಮೇಲಿನ ಹಕ್ಕಳೆ ಹೋಯಿತು. ಕೆಳಗೆ ಸಿಡುಬಿನ ಕಲೆಗಳಂತೆ ಸಣ್ಣ ಸಣ್ಣ ಗುಂಡಿಗಳು ಕಂಡವು.

"ಉಜ್ಜಿದ್ರೆ ಗುಂಡಿ ಒಳಗಿಂದು ಹೋಗಲ್ಲ," ಎಂದರು. "ತೊಟ್ಟಿ ಬೇಕು."

ಅಕ್ಕ ಕುಂಡ ನೆನೆಹಾಕುವ ದೊಡ್ಡ ಪ್ಲಾಸ್ಟಿಕ್ ಟಬ್ಬು ಕೊಟ್ಟಳು. ಬಟ್ಟೆ ಒಗೆಯುವ ಸೋಡಾ ಮನೆಯಲ್ಲೇ ಇತ್ತು. ಬ್ಯಾಟರಿ ಚಾರ್ಜರ್ ನನ್ನದು. ನಾನು ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು, ಓದಿದ್ದು ರಸಾಯನಶಾಸ್ತ್ರ. ಆದ್ದರಿಂದ ಭಾವ ನನ್ನನ್ನು, "ಈ ಬೋರ್‌ವೆಲ್ ನೀರಿಗೆ ನಿಮ್ಮ ಲ್ಯಾಬಿನವರು ಏನಂತಾರೆ?" ಎಂದು ಕೇಳಿದರು.

"ಉಪ್ಪಿನಂಶ ಜಾಸ್ತಿ ಭಾವ."

"ಒಳ್ಳೇದೇ ಆಯ್ತು. ಕರೆಂಟು ಚೆನ್ನಾಗಿ ಓಡತ್ತೆ."

ಟಬ್ಬಿನ ಒಂದು ಬದಿಗೆ ಹಳೆಯ ಕಬ್ಬಿಣದ ತಗಡನ್ನು ನಿಲ್ಲಿಸಿ, ನಡುವೆ ರಿಮ್ಮನ್ನು ಇಳಿಬಿಟ್ಟರು. ಚಾರ್ಜರಿನಿಂದ ಎರಡು ತಂತಿಗಳು, ಒಂದು ಕೆಂಪು, ಒಂದು ಕಪ್ಪು. ಭಾವನ ಬಲಗೈ ಕೆಂಪನ್ನು ತೆಗೆದುಕೊಂಡು ರಿಮ್ಮಿಗೆ ಸಿಕ್ಕಿಸಿತು. ಅವರು ಆ ಕಡೆ ನೋಡಲೇ ಇಲ್ಲ. ಕತ್ತಲಲ್ಲಿ ಚಪ್ಪಲಿ ಹುಡುಕುವ ಕಾಲಿನ ಹಾಗೆ ಕೈ ತಾನೇ ಹೋಯಿತು.

ಅದು ತಪ್ಪು. ಅಲ್ಯೂಮಿನಿಯಂ ಮೇಲೆ ಪದರ ಬೆಳೆಸಲು ಕೆಂಪು ತಂತಿ ಬೇಕು. ಕಬ್ಬಿಣದ ತುಕ್ಕು ಬಿಡಿಸಲು ಕಪ್ಪು ಬೇಕು. ತಿರುಗಾಮುರುಗಾ ಸಿಕ್ಕಿಸಿದರೆ ತುಕ್ಕು ಉಳಿದು ಕಬ್ಬಿಣ ಹೋಗುತ್ತದೆ, ಅದರಲ್ಲೂ ಉಪ್ಪಿನ ನೀರಿನಲ್ಲಿ. ಇದನ್ನು ನಾನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಬರೆದಿದ್ದೇನೆ.

ಭಾವ ನನ್ನ ಕಡೆ ತಿರುಗಿ, "ಕೆಂಪು ಕೆಲಸಕ್ಕೆ," ಎಂದರು.

ಹನ್ನೊಂದು ತಿಂಗಳಲ್ಲಿ ಅವರ ಗಂಟಲಿನಿಂದ ಆ ದನಿ ಬಂದದ್ದು ಅದೇ ಮೊದಲು. ನಾನು ಕೆಂಪು ತಂತಿಯನ್ನು ನೋಡಿದೆ. ಮೂವತ್ತೊಂದು ವರ್ಷ ತೊಟ್ಟಿಯ ಪಕ್ಕ ನಿಂತವರಿಗೆ ಪುಸ್ತಕದಲ್ಲಿಲ್ಲದ ಏನೋ ಗೊತ್ತಿರಬಹುದು ಎಂದುಕೊಂಡೆ. ಹಾಗೆ ಅಂದುಕೊಂಡದ್ದು ನಿಜವೇ ಅಥವಾ ಆಮೇಲೆ ಹೊಂದಿಸಿಕೊಂಡದ್ದೇ ಎಂಬುದು ಈಗ ನನಗೆ ಸ್ಪಷ್ಟವಿಲ್ಲ. "ಕೆಂಪು ಕೆಲಸಕ್ಕೆ," ಎಂದು ತಿರುಗಿ ಹೇಳಿ ಸ್ವಿಚ್ ಹಾಕಿದೆ. ಆ ದಿನದ ದಿನಚರಿಯಲ್ಲಿ 'ಕೆಂಪು — ರಿಮ್ಮಿಗೆ' ಎಂದು ಬರೆದು ಪಕ್ಕದಲ್ಲಿ ಚಿಕ್ಕದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಮೂರು ದಿನ ತೊಟ್ಟಿ ಓಡಿತು. ನೀರು ಮೊದಲು ಹಳದಿಯಾಯಿತು, ಆಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಭಾವ ತಿಂಡಿಯ ತಟ್ಟೆಯನ್ನು ಹಿಡಿದುಕೊಂಡೇ ಟಬ್ಬಿನ ಬಳಿ ಹೋಗುತ್ತಿದ್ದರು. ಅಕ್ಕ ಅಡುಗೆಮನೆಯ ಬಾಗಿಲಿನಿಂದ, "ಏನ್ರೀ, ನನ್ನ ಸವತೀನ ಸ್ನಾನಕ್ಕೆ ಕೂರಿಸಿದ ಹಾಗಿದೆಯಲ್ಲ, ಗಳಿಗೆಗೊಂದು ಸಲ ಇಣುಕ್ತೀರಿ," ಎಂದಳು. "ಸುಮ್ನಿರೇ," ಎಂದರು ಭಾವ. ಅವಳು ಒಳಗೆ ತಿರುಗಿ, ಅಡುಗೆಮನೆಯಲ್ಲಿದ್ದ ನನ್ನ ತೋಳು ಚಿವುಟಿದಳು. ತಂತಿಯ ವಿಷಯ ನಾನು ಹೇಳಲಿಲ್ಲ. ಎರಡನೆಯ ದಿನ ಹೇಳಬಹುದಿತ್ತು, ಅರ್ಧದಷ್ಟಾದರೂ ಉಳಿಯುತ್ತಿತ್ತು.

ನಾಲ್ಕನೆಯ ಬೆಳಿಗ್ಗೆ ಭಾವ ಸ್ವಿಚ್ ಆರಿಸಿ ರಿಮ್ಮನ್ನು ಎತ್ತಿದರು. ಎತ್ತಿದವರು ಹಾಗೆಯೇ ನಿಂತರು.

"ಹಗುರ ಇದೆ," ಎಂದರು.

ನೀರಿನಲ್ಲಿ ತೊಳೆದಾಗ ಟೈರು ಕೂರುವ ಅಂಚು ಇಲಿ ಕಡಿದ ರೊಟ್ಟಿಯಂತಿತ್ತು. ಗಾಳಿಯ ವಾಲ್ವಿನ ತೂತು ಹೆಬ್ಬೆರಳು ತೂರುವಷ್ಟು ಹಿಗ್ಗಿತ್ತು. ಸುತ್ತಿನ ಪಟ್ಟಿಯಲ್ಲಿ ಅಲ್ಲಲ್ಲಿ ಆಚೆಯ ಬೆಳಕು ಕಾಣುತ್ತಿತ್ತು. ನಡುವಿನ ತಟ್ಟೆ ಮಾತ್ರ ದಪ್ಪವಾಗಿದ್ದುದರಿಂದ ಉಳಿದಿತ್ತು. ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಅವಳ ಬಾಯಿ ಯಾವಾಗಲೂ ಅವಳಿಗಿಂತ ಒಂದು ಹೆಜ್ಜೆ ಮುಂದೆ. "ಅಯ್ಯೋ! ತುಕ್ಕು ತೆಗೀರಿ ಅಂದ್ರೆ ಚಕ್ರಾನೇ ತೆಗೆದುಬಿಟ್ರಾ?"

ಭಾವ ರಿಮ್ಮನ್ನು ಕಲ್ಲಿನ ಮೇಲೆ ಇಟ್ಟರು. ಕೈ ತೊಳೆದರು. ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತರು.

ಮುಂದಿನ ಮೂರು ದಿನಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಮೊದಲಿನಂತೆಯೇ ಇದ್ದವು. ಅಕ್ಕ ಎರಡು ಸಲ, "ನನ್ನ ನಾಲಿಗೆಗೆ ಬರೆ ಹಾಕ," ಎಂದು ತನ್ನನ್ನೇ ಬೈದುಕೊಂಡಳು. ಮೂರನೆಯ ಸಂಜೆ ಅವಳು ಪಕ್ಕದವರನ್ನು ಕರೆಸಿ ನರ್ಸರಿಯ ಯಾವ ಅರ್ಧ ಎಂದು ತೋರಿಸುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದೆ. ಅದೇ ಕಿಟಕಿಯಿಂದ ಭಾವನೂ ನೋಡುತ್ತಿದ್ದರು. ಅವರ ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ.

ನಾನು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡೆ. "ಭಾವ, ನನಗೆ ಗೊತ್ತಿತ್ತು."

"ಏನು?"

"ಕಪ್ಪು ಸಿಕ್ಕಿಸ್ಬೇಕು ಅಂತ."

"ಯಾವಾಗಿಂದ?"

"ಮೊದಲ ದಿನದಿಂದ."

"ಮತ್ತೆ ಯಾಕೋ ಅಂದೆ, ಕೆಂಪು ಕೆಲಸಕ್ಕೆ ಅಂತ?"

"ನೀವು ಅಂದ್ರಲ್ಲ."

ಭಾವ ಕಿಟಕಿಯಿಂದ ತಿರುಗಿದರು. "ನಾನು ಅಂದ್ರೆ? ನಾನು ಅಂದ್ರೆ ಆಗೋಯ್ತಾ? ಅದಕ್ಕೇ ಕಣೋ ಇಬ್ಬರನ್ನ ಇಡೋದು! ಒಬ್ಬ ತಪ್ಪಿದ್ರೆ ಇನ್ನೊಬ್ಬ ತಲೆ ಆಡಿಸೋಕಲ್ಲ. ನೀನು ನೋಡ್ಬೇಕು. ನೋಡಿ ಹೇಳ್ಬೇಕು. ಗಿಣಿ ಸಾಕಿದ್ರೆ ಆಗ್ತಿರ್ಲಿಲ್ವಾ ನನಗೆ?"

"ತಪ್ಪಾಯ್ತು ಭಾವ."

"ಅಂಗಡಿಯಲ್ಲಾಗಿದ್ರೆ ಆವತ್ತೇ ಆಚೆ ಹಾಕ್ತಿದ್ದೆ ನಿನ್ನ. ಡಿಗ್ರಿ ಬೇರೆ ಕೇಡು."

ಅವರ ದನಿ ಹಿತ್ತಲಿನವರೆಗೂ ಹೋಗಿರಬೇಕು. ಅಕ್ಕ ಕೈಯಲ್ಲಿ ಮಣ್ಣು ಮೆತ್ತಿಕೊಂಡೇ ಓಡಿಬಂದು ಬಾಗಿಲಲ್ಲಿ ನಿಂತಳು. ಏನಾಯಿತೆಂದು ಕೇಳಲಿಲ್ಲ. "ಬೈಯಿರಿ, ಚೆನ್ನಾಗಿ ಬೈಯಿರಿ," ಎಂದಳು. "ಚಿಕ್ಕವನಿದ್ದಾಗಿಂದ ಹಾಗೇ ಅವನು. ಮನೆಗೆ ಬೆಂಕಿ ಬಿದ್ರೂ ಮೊದಲು ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಆಮೇಲೆ ಕೂಗೋನು."

ಉಳಿದ ಮೂರು ರಿಮ್ಮುಗಳನ್ನು ಮರುದಿನದಿಂದ ತೊಟ್ಟಿಗೆ ಇಳಿಸಿದೆವು. ಭಾವ ಇದನ್ನು ಉತ್ಸಾಹದಿಂದ ಮಾಡಿದರೆಂದು ಹೇಳಲಾರೆ. ಶುರುವಾದದ್ದನ್ನು ಮುಗಿಸುವವರ ಹಾಗೆ ಮಾಡಿದರು. ಪ್ರತಿ ಸಲವೂ ಅವರ ಕೈ ಮೊದಲು ಕೆಂಪಿಗೇ ಹೋಗುತ್ತಿತ್ತು. ನಾನು "ಭಾವ" ಎನ್ನುತ್ತಿದ್ದೆ. ಅವರು ಕೈ ಹಿಂದೆ ತೆಗೆದುಕೊಂಡು ಕಪ್ಪನ್ನು ಹಿಡಿದು, "ಕಪ್ಪು ಕೆಲಸಕ್ಕೆ" ಎನ್ನುತ್ತಿದ್ದರು. ಹೊಸ ಹಲ್ಲು ಕಟ್ಟಿಸಿಕೊಂಡವರು ಮಾತಾಡಿದ ಹಾಗಿರುತ್ತಿತ್ತು. ಈ ಸಲ ಗುಳ್ಳೆಗಳು ರಿಮ್ಮಿನ ಮೈಯಿಂದ ಎದ್ದವು. ಒಂದು ಹಗಲು ಕಳೆಯುವುದರೊಳಗೆ ತುಕ್ಕು ಕಪ್ಪು ಕೆಸರಾಗಿ, ಒದ್ದೆ ಬಟ್ಟೆಗೆ ಹತ್ತಿಕೊಂಡು ಬಂತು. ಕೆಳಗೆ ಬೂದು ಬಣ್ಣದ ಕಬ್ಬಿಣ.

ಬರಿಮೈ ಕಬ್ಬಿಣ ಗಾಳಿಗೆ ಒಂದು ಗಂಟೆ ಸಿಕ್ಕರೂ ಮತ್ತೆ ಕೆಂಪಾಗುತ್ತದೆ. ಆದ್ದರಿಂದ ಬಿಸಿಲಿನಲ್ಲಿ ಒಣಗಿಸಿ, ಥಿನ್ನರಿನಲ್ಲಿ ಒರೆಸಿ, ಕೂಡಲೇ ಪ್ರೈಮರ್ ಬಳಿಯಬೇಕಿತ್ತು. ಭಾವನಿಗೆ ಬಣ್ಣದ ಮೇಲೆ ಗೌರವವಿಲ್ಲ. "ಬಣ್ಣ ಅನ್ನೋದು ಮೇಲೆ ಬಂದು ಕೂರೋ ನೆಂಟ," ಎಂದರು. "ನಮ್ಮದು ಒಳಗಿಂದ ಬೆಳೆಯೋದು." ಆದರೂ ಕೆಲಸದಲ್ಲಿ ಉದಾಸೀನ ಮಾಡಲಿಲ್ಲ. ರಿಮ್ಮಿನ ನಡುವಿನ ತೂತಿಗೆ ಕಬ್ಬಿಣದ ಸರಳು ತೂರಿಸಿ, ಎರಡು ಸ್ಟೂಲುಗಳ ನಡುವೆ ತೂಗುಹಾಕಿದರು. ಬಣ್ಣ ಕೆಳಗೆ ಇಳಿದು ಹನಿಗಟ್ಟದಂತೆ ಹತ್ತು ನಿಮಿಷಕ್ಕೊಮ್ಮೆ ಕಾಲು ಸುತ್ತು ತಿರುಗಿಸುತ್ತಿದ್ದರು. ಮೂಲ ಬಣ್ಣ ಯಾವುದೆಂಬುದು ಯಾರಿಗೂ ನೆನಪಿರಲಿಲ್ಲ. ಒಂದು ನಟ್ಟಿನ ಅಡಿಯಲ್ಲಿ ಉಗುರಿನಷ್ಟು ಕೆನೆ ಬಣ್ಣ ಉಳಿದಿತ್ತು. ಅದಕ್ಕೆ ಹೊಂದುವ ಡಬ್ಬಿಯನ್ನು ಅಕ್ಕ ಹುಡುಕಿ ತಂದಳು. ಮೂರು ಕೋಟು. ಒಂದೊಂದರ ನಡುವೆ ನೀರು ಹಾಕಿ ನುಣುಪು ಎಮರಿ ಪೇಪರಿನಿಂದ ಉಜ್ಜುವುದು. ಒಂಬತ್ತು ದಿನ ಹಿಡಿಯಿತು.

ಹತ್ತನೆಯ ದಿನ ಟ್ರ್ಯಾಕ್ಟರು ಮೂರು ಕೆನೆ ಬಣ್ಣದ ಚಕ್ರ ಮತ್ತು ಒಂದು ಮರದ ದಿಮ್ಮಿಯ ಮೇಲೆ ನಿಂತಿತ್ತು.

ಅಕ್ಕ ಕೈಗಾಡಿಯ ಚಕ್ರವನ್ನು ಬಿಚ್ಚಿ ಉರುಳಿಸಿಕೊಂಡು ಬಂದಳು. "ಅಳತೆ ಹೆಚ್ಚು ಕಡಿಮೆ ಒಂದೇ ಇದೆ. ಇದನ್ನೇ ಹಾಕ್ಬಿಡಿ. ಯಾರು ಬಂದು ಎಣಿಸ್ತಾರೆ?"

"ಬೇಡ."

"ಸ್ವಲ್ಪ ಕುಂಟತ್ತೆ ಅಷ್ಟೆ. ನನ್ನ ಭುಜಾನೂ ಕುಂಟೇ, ಜೋಡಿ ಆಗತ್ತೆ."

"ಬೇಡ ಅಂದ್ನಲ್ಲ," ಎಂದು ಭಾವ ಒಳಗೆ ಹೋದರು. ಅಕ್ಕ ನನ್ನ ಕಡೆ ನೋಡಿದಳು. ಮತ್ತೆ ಕುರ್ಚಿಗೆ ಹೋದರೆಂದೇ ನಾವಿಬ್ಬರೂ ತಿಳಿದೆವು. ಅವಳು ಚಕ್ರವನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು, "ಇರ್ಲಿ ಬಿಡು. ಇವತ್ತೇ ಪಕ್ಕದವರಿಗೆ ಹೂಂ ಅಂದುಬಿಡ್ತೀನಿ," ಎಂದಳು.

ಭಾವ ಹೊರಗೆ ಬಂದಾಗ ಕಾಲಿಗೆ ಬೂಟು ಹಾಕಿದ್ದರು. ಹಾಳಾದ ರಿಮ್ಮನ್ನು ಗೋಣಿಚೀಲಕ್ಕೆ ಹಾಕಿಕೊಂಡು, "ಬಾರೋ," ಎಂದು ನನಗೆ ಹೇಳಿ ಗೇಟಿನ ಕಡೆ ನಡೆದರು. ಆ ಗೇಟನ್ನು ಅವರು ದಾಟಿ ಒಂದು ವರ್ಷವಾಗುತ್ತಾ ಬಂದಿತ್ತು. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ದಾರಿಯಲ್ಲಿ ಅವರ ಹಳೆಯ ಅಂಗಡಿಯಿದ್ದ ಕಟ್ಟಡ ಬಂತು; ಈಗ ಅಲ್ಲಿ ಹಾಸಿಗೆ ಮಾರುತ್ತಾರೆ. ಅವರು ನೋಡಿದರೋ ಇಲ್ಲವೋ, ನಾನು ಗಮನಿಸದಿರಲು ಪ್ರಯತ್ನಿಸಿದೆ.

ಚಕ್ರ ರಿಪೇರಿಯವನ ಅಂಗಡಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದೆ. ಭಾವನ ವಯಸ್ಸಿನವನೇ, ಕನ್ನಡಕದ ಒಂದು ಕಡ್ಡಿಗೆ ತಾಮ್ರದ ತಂತಿ ಸುತ್ತಿದ್ದ. ರಿಮ್ಮನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ.

"ಇದು ತುಕ್ಕು ತಿಂದದ್ದಲ್ಲ. ತುಕ್ಕು ಇಷ್ಟು ಅಚ್ಚುಕಟ್ಟಾಗಿ ತಿನ್ನಲ್ಲ. ಕರೆಂಟು ತಿಂದಿದೆ. ಯಾರು ಮಾಡಿದ್ದು?"

"ನಾವು—" ಎಂದು ನಾನು ಶುರುಮಾಡಿದೆ.

"ನಾನು," ಎಂದರು ಭಾವ.

"ಕೆಂಪು ಸಿಕ್ಕಿಸಿದ್ರಾ?"

"ಹೌದು."

"ಹೋಗ್ಲಿ ಬಿಡಿ. ಗೊತ್ತಿಲ್ದೋರು ಎಲ್ಲಾ ಹಾಗೇ ಮಾಡೋದು."

"ಗೊತ್ತಿದ್ದೋನೇ ಮಾಡಿದ್ದು," ಎಂದರು ಭಾವ. "ಅನೋಡೈಸಿಂಗ್. ಮೂವತ್ತೊಂದು ವರ್ಷ."

ಚಕ್ರದವನು ಕನ್ನಡಕ ತೆಗೆದು ಭಾವನನ್ನು ಮೇಲಿಂದ ಕೆಳಗೆ ನೋಡಿದ. ನಗಬಹುದೆಂದು ನಾನು ಕಾದೆ. ಅವನು ನಗಲಿಲ್ಲ.

"ಮತ್ತೆ ಕೆಂಪಲ್ದೆ ಇನ್ಯಾವುದನ್ನ ಸಿಕ್ಕಿಸ್ತೀರಿ?" ಎಂದ.

ಭಾವ ಹೌದೆನ್ನುವಂತೆ ತಲೆಯಾಡಿಸಿದರು. ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತರು. ಅವರ ಎರಡೂ ಕೈಗಳು ಮೊಣಕಾಲಿನ ಮೇಲಿದ್ದವು, ಅಂಗೈ ಮೇಲಾಗಿ.

ನಡುವಿನ ತಟ್ಟೆ ಗಟ್ಟಿಯಿದೆ, ಅದನ್ನು ಉಳಿಸಿಕೊಂಡು ಸುತ್ತಿನ ಪಟ್ಟಿಯನ್ನು ಹೊಸದಾಗಿ ಮಾಡಿ ಬೆಸೆಯಬಹುದು ಎಂದ ಚಕ್ರದವನು. ಹಳೆಯ ಪಟ್ಟಿಯನ್ನು ಕತ್ತರಿಸಿ ತೆಗೆದ. ದಪ್ಪ ತಗಡಿನ ಪಟ್ಟಿಯನ್ನು ರೋಲರಿನಲ್ಲಿ ಹಾಯಿಸಿ, ಅಂಚು ಮಡಿಸಿ, ಬಳೆಯಾಗಿ ಬಗ್ಗಿಸಿದ. ಬೆಸೆಯುವ ಹೊತ್ತಿಗೆ, "ಹಿಡ್ಕೊಳ್ಳೋಕೆ ಒಬ್ಬರು ಬೇಕು. ನನ್ನ ಜೊತೆಯವನಿಗೆ ಇವತ್ತು ಹಲ್ಲುನೋವಂತೆ," ಎಂದು ನನ್ನ ಕಡೆ ನೋಡಿದ. ನಾನು ಮುಂದೆ ಹೋಗುವ ಮೊದಲೇ ಭಾವ ಎದ್ದು ತೋಳು ಮಡಿಸಿಕೊಂಡಿದ್ದರು.

ಚಕ್ರದವನು ಮುಖಕ್ಕೆ ಗುರಾಣಿ ಇಳಿಸಿಕೊಂಡ.

"ನಿಲ್ಲಿ," ಎಂದರು ಭಾವ. "ಒಂದು ಸುತ್ತು ತಿರುಗಿಸಿ."

ತಿರುಗಿಸಿದ. ಭಾವ ಒಂದು ಕಣ್ಣು ಮುಚ್ಚಿ ನೋಡಿದರು. "ಅರ್ಧ ಮಿಲಿಮೀಟರ್ ಆಚೆ ಇದೆ."

"ಕಣ್ಣಲ್ಲೇ ಅಳೀತೀರಾ ಯಜಮಾನ್ರೇ?"

"ಅಳೆದು ನೋಡಿ."

ಅವನು ಗೊಣಗುತ್ತಾ ಅಳತೆಪಟ್ಟಿ ಇಟ್ಟು ನೋಡಿದ. ಸಣ್ಣ ಸುತ್ತಿಗೆಯಿಂದ ಎರಡು ಸಲ ತಟ್ಟಿ, ಮತ್ತೆ ತಿರುಗಿಸಿದ. "ಈಗ?"

"ಈಗ ಹಾಕಿ."

ಒಂದು ಸುತ್ತು ಬೆಸೆದಾಯಿತು. ಅದು ತಣ್ಣಗಾಗುವವರೆಗೆ ಬೇರೆ ಯಾರದೋ ಗಾಡಿಯ ಚಕ್ರವನ್ನು ಮೇಜಿನ ಮೇಲೆ ಇಟ್ಟ ಚಕ್ರದವನು. ಭಾವ ಅದನ್ನೂ ಹಿಡಿದುಕೊಂಡರು. ಮಧ್ಯಾಹ್ನ ಒಂದು ಗಂಟೆಯಾಗಿತ್ತು. ಹೋಗೋಣವೇ ಎಂದು ನಾನು ಕೇಳಿದ್ದಕ್ಕೆ, "ಇನ್ನೂ ಕೆಲಸ ಇದೆ, ನಿಮ್ಮಕ್ಕನಿಗೆ ಹೇಳು," ಎಂದರು, ನನ್ನ ಕಡೆ ತಿರುಗದೆ.

ನಾನು ಓಣಿಗೆ ಬಂದು ಫೋನ್ ಮಾಡಿದೆ.

"ಊಟಕ್ಕೆ ಬರಲ್ವಂತೆ ಅಕ್ಕ."

"ಯಾರು?"

"ಭಾವ. ಇಲ್ಲಿ ಇನ್ನೂ ಕೆಲಸ ಇದೆಯಂತೆ."

ಅಕ್ಕನ ಕಡೆಯಿಂದ ಪೈಪಿನ ನೀರು ಒಂದೇ ಕುಂಡಕ್ಕೆ ಬೀಳುತ್ತಿರುವ ಸದ್ದು ಕೇಳುತ್ತಿತ್ತು, ಕುಂಡ ತುಂಬಿ ಹೊರಗೆ ಹರಿಯುವವರೆಗೂ.

"ಪಕ್ಕದವರು ಬಂದು ಕೂತಿದಾರೆ ಕಣೋ," ಎಂದಳು ಕೊನೆಗೆ. "ಈಗ ಬೇಡ ಅಂತ ಏನಾದ್ರೂ ಹೇಳಿ ಕಳಿಸ್ತೀನಿ, ಇಡು."

ಆದರೆ ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ನನ್ನ ಹಿಂದೆ ಅಂಗಡಿಯೊಳಗಿಂದ ಭಾವ ಯಾರನ್ನೋ ಗದರುತ್ತಿದ್ದುದು ಅವಳಿಗೂ ಕೇಳಿಸುತ್ತಿದ್ದಿರಬೇಕು.